ಮೂರು ಸಲ ಪೌರನಾದ ಸೈನಿಕ: ಭಗತ್ ಸಿಂಗ್ ಥಿಂಡ್

ಭಗತ್ ಸಿಂಗ್ ಅಂದ ತಕ್ಷಣ ನಮ್ಮೆಲ್ಲರ ತಲೆಗೆ ಬರೋದು ಲಾಹೋರಿನ ಆ ಹ್ಯಾಟ್ ಹಾಕಿದ ಯುವಕ. ಆದರೆ ಈ ಸಲ ನಾವು ಬರೆಯುತ್ತಿರುವುದು ಇನ್ನೊಬ್ಬ ಭಗತ್ ಸಿಂಗ್ ಬಗ್ಗೆ. ಇವರು ಗಲ್ಲಿಗೇರಲಿಲ್ಲ, ಬಾಂಬ್ ಹಾಕಲಿಲ್ಲ. ಅಮೆರಿಕದ ಸೈನ್ಯ ಸೇರಿದರು, ಯೂನಿಫಾರಂ ಹಾಕಿಕೊಂಡೇ ಅಮೆರಿಕದ ಪೌರತ್ವ ಪಡೆದರು, ನಾಲ್ಕು ದಿನಕ್ಕೆ ಅದನ್ನು ಕಳೆದುಕೊಂಡರು. ಮತ್ತೆ ಪಡೆದರು, ಮತ್ತೆ ಕಳೆದುಕೊಂಡರು. ಮೂರನೇ ಸಲ ಪಡೆಯೋ ಹೊತ್ತಿಗೆ ಹದಿನೆಂಟು ವರ್ಷ ಕಳೆದಿತ್ತು. ಅಮೆರಿಕದಲ್ಲಿ ಲಾ ಓದುವ ಹಲವರು ಇವರ ಹೆಸರಿನ ಕೇಸ್ ಓದುತ್ತಾರೆ. ನಮ್ಮಲ್ಲಿ ಎಂ.ಎಸ್. ಮಾಡೋಕೆ ಅಲ್ಲಿಗೆ ಹೋಗಬೇಕು ಅಂತ ಮೂರನೇ ಸೆಮಿಸ್ಟರಿನಿಂದಲೇ ಲೆಕ್ಕ ಹಾಕೋರು ತುಂಬಾ ಜನ ಇದ್ದೇವೆ. ಹಾಗಾಗಿ ಈ ಕಥೆ ನಮಗೂ ಗೊತ್ತಿರಬೇಕು ಅನ್ನಿಸಿತು.

ತಾರಾಗಢದಿಂದ ಸಿಯಾಟಲ್‌ಗೆ

ಭಗತ್ ಸಿಂಗ್ ಥಿಂಡ್ ಹುಟ್ಟಿದ್ದು 1892ರ ಅಕ್ಟೋಬರ್ 3ರಂದು, ಪಂಜಾಬಿನ ಅಮೃತಸರ ಜಿಲ್ಲೆಯ ತಾರಾಗಢ ಎಂಬ ಹಳ್ಳಿಯಲ್ಲಿ. ಸಿಖ್ ಕುಟುಂಬ. ಓದಿದ್ದು ಅಮೃತಸರದ ಖಾಲ್ಸಾ ಕಾಲೇಜಿನಲ್ಲಿ. ಅಲ್ಲಿದ್ದಾಗಲೇ ಅಮೆರಿಕದ ಲೇಖಕರಾದ ಎಮರ್ಸನ್, ಥೋರೋ, ವಿಟ್ಮನ್ ಇವರನ್ನೆಲ್ಲ ಓದಿ ಆ ದೇಶದ ಬಗ್ಗೆ ಒಂಥರಾ ಆಸೆ ಬೆಳೆಸಿಕೊಂಡಿದ್ದರು. ಅಲ್ಲಿಗೆ ಹೋಗಿ ಇನ್ನೂ ಓದಬೇಕು ಅನ್ನೋದು ಕನಸು. 1913ರ ಜುಲೈ 4ರಂದು ಹಡಗಿನಿಂದ ಸಿಯಾಟಲ್‌ನಲ್ಲಿ ಇಳಿದರು. ಜುಲೈ 4 ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನ. ಆಗ ಅವರಿಗೆ ಇಪ್ಪತ್ತು ವರ್ಷ, ಹೆಚ್ಚುಕಮ್ಮಿ ನಮ್ಮದೇ ವಯಸ್ಸು.

ಹೋದ ಕಾಲ ಮಾತ್ರ ಒಳ್ಳೆಯದಾಗಿರಲಿಲ್ಲ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಮರದ ಮಿಲ್ಲುಗಳಲ್ಲಿ, ರೈಲ್ವೆ ಹಳಿ ಹಾಕುವಲ್ಲಿ, ಹೊಲಗಳಲ್ಲಿ ಕೆಲಸ ಮಾಡುತ್ತಿದ್ದ ಪಂಜಾಬಿಗಳನ್ನು ಕಂಡರೆ ಅಲ್ಲಿನ ಬಿಳಿ ಕೆಲಸಗಾರರಿಗೆ ಆಗುತ್ತಿರಲಿಲ್ಲ. ಕಡಿಮೆ ಕೂಲಿಗೆ ಬಂದು ನಮ್ಮ ಕೆಲಸ ಕಿತ್ತುಕೊಳ್ಳುತ್ತಾರೆ ಅನ್ನೋ ಸಿಟ್ಟು. 1907ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್ ಊರಿನಲ್ಲಿ ನೂರಾರು ಜನರ ಗುಂಪು ಮಿಲ್ಲುಗಳಿಗೆ, ಮನೆಗಳಿಗೆ ನುಗ್ಗಿ ಭಾರತೀಯರನ್ನು ಊರಿನಿಂದಲೇ ಓಡಿಸಿತ್ತು. ಸಿಖ್ಖರಾಗಲಿ ಮುಸ್ಲಿಮರಾಗಲಿ, ಭಾರತದಿಂದ ಬಂದವರನ್ನೆಲ್ಲ ಅಲ್ಲಿ ಕರೆಯುತ್ತಿದ್ದದ್ದು ಹಿಂದೂ ಅಂತಲೇ. ಥಿಂಡ್ ಕೂಡ ಕೋರ್ಟಿನ ಕಾಗದಗಳಲ್ಲಿ ಹಿಂದೂ ಅಂತಲೇ ಇದ್ದಾರೆ.

ಥಿಂಡ್ ಆರೆಗಾನ್ ರಾಜ್ಯದ ಮರದ ಮಿಲ್ಲುಗಳಲ್ಲಿ ದುಡಿದು ಓದಿನ ಖರ್ಚು ನೋಡಿಕೊಂಡರು. ಅದೇ ಆರೆಗಾನಿನ ಅಸ್ಟೋರಿಯಾ ಅನ್ನೋ ಊರಿನಲ್ಲಿ 1913ರಲ್ಲಿ ಗದರ್ ಪಕ್ಷ ಶುರುವಾಗಿದ್ದು. ಸೋಹನ್ ಸಿಂಗ್ ಭಕನಾ, ಲಾಲಾ ಹರದಯಾಳ್ ಅದರ ಮುಂದಾಳುಗಳು. ಬ್ರಿಟಿಷರನ್ನು ಭಾರತದಿಂದ ಓಡಿಸಬೇಕು ಅನ್ನೋದು ಗುರಿ. ಥಿಂಡ್‌ಗೆ ಈ ಪಕ್ಷದವರ ಜೊತೆ ಒಡನಾಟ ಇತ್ತು, ಭಾರತವನ್ನು ಭಾರತೀಯರೇ ಆಳಬೇಕು ಅಂತ ಬಹಿರಂಗವಾಗಿಯೇ ಹೇಳುತ್ತಿದ್ದರು. ಈ ಒಡನಾಟ ಮುಂದೆ ಕೋರ್ಟಿನವರೆಗೂ ಬೆನ್ನು ಹತ್ತಿತು.

ಪೇಟ ಕಟ್ಟಿದ ಸೈನಿಕ

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಸೈನ್ಯಕ್ಕೆ ಜನ ಬೇಕಾಗಿತ್ತು, ದೇಶದ ತುಂಬ ಇನ್ನೂ ಪೌರರಾಗದ ವಲಸಿಗರು ಇದ್ದರು. ಇಟಲಿಯವರು, ಪೋಲೆಂಡಿನವರು, ರಷ್ಯಾದ ಯಹೂದಿಗಳು, ಗ್ರೀಕರು, ಹೀಗೆ. ಇವರನ್ನು ಯುದ್ಧಕ್ಕೆ ಕಳಿಸಬೇಕು, ಆದರೆ ಇವರು ಆ ದೇಶದ ಪೌರರೇ ಅಲ್ಲ. ಇದು ಸರಿಯಲ್ಲ ಅನ್ನಿಸಿ 1918ರ ಮೇ 9ರಂದು ಸಂಸತ್ತು ಒಂದು ಕಾನೂನು ಮಾಡಿತು. ಮಾಮೂಲಿಯಾಗಿ ಪೌರತ್ವ ಬೇಕಾದವರು ಮೊದಲು ಒಂದು ಘೋಷಣೆ ಸಲ್ಲಿಸಿ, ಐದು ವರ್ಷ ಅಲ್ಲಿ ವಾಸವಿದ್ದು, ಆಮೇಲೆ ಅರ್ಜಿ ಹಾಕಬೇಕಿತ್ತು. ಸೈನಿಕರಿಗೆ ಈ ಕಾಯುವಿಕೆ ಬೇಡ ಅಂತ ಹೊಸ ಕಾನೂನು ಹೇಳಿತು. ನ್ಯಾಯಾಧೀಶರೇ ಸೈನಿಕ ಶಿಬಿರಕ್ಕೆ ಬಂದು ಸಾಲಾಗಿ ನಿಂತವರಿಗೆ ಪ್ರಮಾಣ ಮಾಡಿಸುತ್ತಿದ್ದರು. ಸುಮಾರು ಒಂದು ವರ್ಷದಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಸೈನಿಕರು ಈ ದಾರಿಯಲ್ಲಿ ಪೌರರಾದರು.

1918ರ ಜುಲೈ 22ರಂದು ಥಿಂಡ್ ಸೈನ್ಯ ಸೇರಿದರು. ವಾಷಿಂಗ್ಟನ್ ರಾಜ್ಯದ ಕ್ಯಾಂಪ್ ಲೂಯಿಸ್‌ನಲ್ಲಿ ತರಬೇತಿ. ಆ ಕಾಲದ ಒಂದು ಫೋಟೋ ತುಂಬಾ ಪ್ರಸಿದ್ಧ. ಅಮೆರಿಕದ ಸೈನಿಕರ ಯೂನಿಫಾರಂ, ತಲೆಗೆ ಪೇಟ, ಉದ್ದ ಗಡ್ಡ. ಅಮೆರಿಕದ ಸೈನ್ಯದಲ್ಲಿ ಪೇಟ ಕಟ್ಟಿಕೊಂಡು ಸೇವೆ ಮಾಡಿದ ಮೊದಲ ಸಿಖ್ ಅಂತ ಅವರನ್ನು ಗುರುತಿಸುತ್ತಾರೆ. ನವೆಂಬರ್ 8ರಂದು ಹಂಗಾಮಿ ಸಾರ್ಜೆಂಟ್ ಆದರು. ಮೂರು ದಿನ ಬಿಟ್ಟು, ನವೆಂಬರ್ 11ಕ್ಕೆ, ಯುದ್ಧವೇ ಮುಗಿಯಿತು. ಡಿಸೆಂಬರ್ 16ರಂದು ಸೈನ್ಯದಿಂದ ಗೌರವದ ಬಿಡುಗಡೆ ಸಿಕ್ಕಿತು. ಬಿಡುಗಡೆ ಪತ್ರದಲ್ಲಿ ನಡತೆ ಅತ್ಯುತ್ತಮ ಅಂತ ದಾಖಲಾಗಿದೆ.

ಅದಕ್ಕೂ ಒಂದು ವಾರ ಮುಂಚೆ, ಡಿಸೆಂಬರ್ 9ರಂದು, ಯೂನಿಫಾರಂನಲ್ಲೇ ಅವರಿಗೆ ಪೌರತ್ವದ ಪ್ರಮಾಣಪತ್ರ ಸಿಕ್ಕಿತ್ತು. ಡಿಸೆಂಬರ್ 13ರಂದು ಅದು ರದ್ದಾಯಿತು! ಸೇವೆಯಲ್ಲಿ ಯಾವ ತಪ್ಪೂ ಇರಲಿಲ್ಲ. ಪೌರತ್ವ ನೋಡಿಕೊಳ್ಳುವ ಇಲಾಖೆ ಹೇಳಿದ ಕಾರಣ ಒಂದೇ. ಇವರು ಬಿಳಿ ಮನುಷ್ಯ ಅಲ್ಲ.

ಕಾನೂನಿನಲ್ಲಿ ಇದ್ದ ಎರಡು ಪದ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕದ ಮೊದಲ ಪೌರತ್ವ ಕಾನೂನು 1790ರದ್ದು. ಹೊರಗಿನಿಂದ ಬಂದವರಲ್ಲಿ ಸ್ವತಂತ್ರರಾದ ಬಿಳಿಯರು ಮಾತ್ರ ಪೌರರಾಗಬಹುದು ಅಂತ ಅದರಲ್ಲಿತ್ತು. ಗುಲಾಮಗಿರಿ ಹೋದ ಮೇಲೆ, 1870ರಲ್ಲಿ, ಆಫ್ರಿಕಾ ಮೂಲದವರನ್ನೂ ಸೇರಿಸಿದರು. ನಡುವೆ ಉಳಿದವರು ಏಷ್ಯಾದವರು. ಅವರು ಈ ಎರಡು ಡಬ್ಬಿಗಳಲ್ಲಿ ಯಾವುದಕ್ಕೂ ಸೇರುತ್ತಿರಲಿಲ್ಲ. ಹಾಗಾಗಿ ಪೌರತ್ವ ಬೇಕಾದ ಪ್ರತಿಯೊಬ್ಬ ಏಷ್ಯನ್ನೂ ಕೋರ್ಟಿಗೆ ಹೋಗಿ ತಾನು ಬಿಳಿಯ ಅಂತ ಸಾಬೀತು ಮಾಡಬೇಕಿತ್ತು. ಕೇಳೋಕೆ ಹಾಸ್ಯದಂತಿದೆ, ಆದರೆ ವರ್ಷಗಟ್ಟಲೆ ಇದೇ ನಡೆಯಿತು. ಒಬ್ಬ ನ್ಯಾಯಾಧೀಶ ಮೈಬಣ್ಣ ನೋಡುತ್ತಿದ್ದ, ಇನ್ನೊಬ್ಬ ಭೂಪಟ ನೋಡುತ್ತಿದ್ದ, ಮತ್ತೊಬ್ಬ ಮಾನವಶಾಸ್ತ್ರದ ಪುಸ್ತಕ ನೋಡುತ್ತಿದ್ದ.

ಭಾರತೀಯರಿಗೆ ಅನುಕೂಲವಾಗಿದ್ದದ್ದು ಆ ಪುಸ್ತಕ. ಆಗಿನ ಮಾನವಶಾಸ್ತ್ರಜ್ಞರು ಮನುಷ್ಯರನ್ನು ಕಕೇಷಿಯನ್, ಮಂಗೋಲಿಯನ್, ಹೀಗೆ ವಿಂಗಡಿಸುತ್ತಿದ್ದರು. ಅವರಲ್ಲಿ ಹಲವರು ಉತ್ತರ ಭಾರತದವರನ್ನು ಕಕೇಷಿಯನ್ ಗುಂಪಿಗೆ ಹಾಕಿದ್ದರು. ಇದೇ ವಾದದ ಮೇಲೆ ಅಕ್ಷಯ್ ಕುಮಾರ್ ಮಜುಂದಾರ್ ಅನ್ನೋ ಬಂಗಾಳಿ 1913ರಲ್ಲಿ ವಾಷಿಂಗ್ಟನ್ ರಾಜ್ಯದ ಕೋರ್ಟಿನಿಂದ ಪೌರತ್ವ ಪಡೆದಿದ್ದರು.

ಥಿಂಡ್ 1919ರಲ್ಲಿ ಆರೆಗಾನಿನಲ್ಲಿ ಮತ್ತೆ ಅರ್ಜಿ ಹಾಕಿದರು. ಇಲಾಖೆ ಈ ಸಲ ಬಣ್ಣದ ಜೊತೆಗೆ ಗದರ್ ಪಕ್ಷದ ಒಡನಾಟವನ್ನೂ ಎತ್ತಿತು. ಇಂಥವನು ಅಮೆರಿಕಕ್ಕೆ ನಿಷ್ಠನಾಗಿರುತ್ತಾನಾ ಅನ್ನೋ ಪ್ರಶ್ನೆ. ನ್ಯಾಯಾಧೀಶ ಚಾರ್ಲ್ಸ್ ವುಲ್ವರ್ಟನ್ ಎಲ್ಲ ಕೇಳಿದರು. ಭಾರತಕ್ಕೆ ಸ್ವಾತಂತ್ರ್ಯ ಬೇಕು ಅನ್ನೋದು ಅಮೆರಿಕಕ್ಕೆ ದ್ರೋಹ ಆಗಲ್ಲ, ಇವರ ಸೈನ್ಯದ ದಾಖಲೆಯೂ ಚೆನ್ನಾಗಿದೆ ಅನ್ನೋ ನಿಲುವಿಗೆ ಬಂದು 1920ರ ನವೆಂಬರ್ 18ರಂದು ಪೌರತ್ವ ಕೊಟ್ಟರು. ಇದು ಎರಡನೇ ಸಲ. ಇಲಾಖೆ ಅಲ್ಲಿಗೂ ಬಿಡಲಿಲ್ಲ, ಮೇಲ್ಮನವಿ ಹಾಕಿತು. ಕೇಸ್ ಸುಪ್ರೀಂ ಕೋರ್ಟ್ ತಲುಪಿತು.

98 ದಿನದಲ್ಲಿ ಬದಲಾದ ಅಳತೆಗೋಲು

ಥಿಂಡ್ ಕೇಸಿಗಿಂತ ಸ್ವಲ್ಪ ಮುಂಚೆ ಅದೇ ಕೋರ್ಟಿನಲ್ಲಿ ಇನ್ನೊಂದು ಕೇಸ್ ತೀರ್ಮಾನವಾಯಿತು. ತಕಾವೊ ಒಜಾವಾ ಜಪಾನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ಓದಿದವರು. ಮನೆಯಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದವರು. ಅವರ ವಾದ ಸರಳವಾಗಿತ್ತು: ಎಷ್ಟೋ ಜಪಾನಿಯರ ಮೈಬಣ್ಣ ಯುರೋಪಿನವರಿಗಿಂತ ಬೆಳ್ಳಗಿದೆ. 1922ರ ನವೆಂಬರ್ 13ರಂದು ಕೋರ್ಟ್ ಒಪ್ಪಲಿಲ್ಲ. ಚರ್ಮದ ಬಣ್ಣ ಮುಖ್ಯ ಅಲ್ಲ, ಬಿಳಿಯ ಅಂದರೆ ಕಕೇಷಿಯನ್ ಜನಾಂಗದವನು, ಜಪಾನಿಯರು ಕಕೇಷಿಯನ್ ಅಲ್ಲ ಎಂದಿತು.

ಥಿಂಡ್ ಪರ ವಕೀಲರಿಗೆ ಇದರಿಂದ ಖುಷಿಯಾಗಿರಬೇಕು. ಯಾಕೆಂದರೆ ಭಾರತೀಯರು ಕಕೇಷಿಯನ್ ಅಂತ ವಿದ್ವಾಂಸರೇ ಬರೆದಿದ್ದಾರಲ್ಲ! ಅವರ ವಕೀಲ ಸಖಾರಾಮ್ ಗಣೇಶ್ ಪಂಡಿತ್, ಸ್ವತಃ ಭಾರತದಿಂದ ಹೋಗಿ 1914ರಲ್ಲಿ ಅಮೆರಿಕದ ಪೌರರಾದವರು. 1923ರ ಜನವರಿಯಲ್ಲಿ ವಾದ ನಡೆಯಿತು. ಫೆಬ್ರವರಿ 19ಕ್ಕೆ ತೀರ್ಪು ಬಂತು. ಒಜಾವಾ ತೀರ್ಪಿನಿಂದ ಲೆಕ್ಕ ಹಾಕಿದರೆ ಬರೀ 98 ದಿನ. ಎರಡೂ ತೀರ್ಪು ಬರೆದವರು ಒಬ್ಬರೇ, ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್. ಎರಡೂ ಸರ್ವಾನುಮತದ ತೀರ್ಪುಗಳು.

ಈ ಸಲ ಸದರ್ಲೆಂಡ್ ಹೇಳಿದ್ದು ಏನು ಗೊತ್ತಾ? ವಿಜ್ಞಾನಿಗಳು ಕಕೇಷಿಯನ್ ಅನ್ನೋ ಪದವನ್ನು ಹೇಗೆ ಬಳಸುತ್ತಾರೆ ಅನ್ನೋದು ಮುಖ್ಯ ಅಲ್ಲ. ಬಿಳಿಯ ಅಂದರೆ ಸಾಮಾನ್ಯ ಮನುಷ್ಯ ಏನು ಅಂದುಕೊಳ್ಳುತ್ತಾನೋ ಅದೇ ಅರ್ಥ. ಬೀದಿಯಲ್ಲಿ ಹೋಗುವ ಯಾವ ಅಮೆರಿಕನ್ನನೂ ಭಾರತೀಯನನ್ನು ಬಿಳಿಯ ಅನ್ನಲ್ಲ. ಸಾವಿರಾರು ವರ್ಷ ಹಿಂದೆ ಮೂಲ ಒಂದೇ ಇದ್ದಿರಬಹುದು, ಈಗ ಇಲ್ಲ. ತಾತ್ಪರ್ಯ ಇಷ್ಟು.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಒಂದು ಪ್ರಾಜೆಕ್ಟಿಗೆ ಸ್ಪೆಸಿಫಿಕೇಶನ್ ಕೊಟ್ಟಿದ್ದಾರೆ ಅಂದುಕೊಳ್ಳಿ. ಮೊದಲನೆಯವರು ಕಣ್ಣಿಗೆ ಕಾಣೋದನ್ನು ತೋರಿಸಿದರು. ಇಲ್ಲ, ಪುಸ್ತಕದ ಡೆಫಿನಿಷನ್ ಬೇಕು ಅಂತ ಫೇಲ್ ಮಾಡಿದರು. ಎರಡನೆಯವರು ಪುಸ್ತಕದ ಡೆಫಿನಿಷನ್ ತಂದರು. ಇಲ್ಲ, ಕಣ್ಣಿಗೆ ಕಾಣೋದು ಬೇಕು ಅಂತ ಫೇಲ್ ಮಾಡಿದರು. ಪರೀಕ್ಷಕ ಒಬ್ಬನೇ, ಔಟ್‌ಪುಟ್ ಮೊದಲೇ ತೀರ್ಮಾನ ಆಗಿದೆ, ಟೆಸ್ಟ್ ಕೇಸ್ ಮಾತ್ರ ಬದಲಾಗುತ್ತಿದೆ.

ಇನ್ನೂ ಒಂದು ವಿಷಯ ಇದೆ. ಸದರ್ಲೆಂಡ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅವರೂ ವಲಸೆ ಬಂದವರೇ. ಚಿಕ್ಕವರಿದ್ದಾಗ ಅಪ್ಪ ಅಮ್ಮನ ಜೊತೆ ಬಂದವರನ್ನು ಯಾರೂ ಬಿಳಿಯ ಹೌದೋ ಅಲ್ಲವೋ ಅಂತ ಕೇಳಲಿಲ್ಲ. ಥಿಂಡ್ ಸೈನ್ಯದಲ್ಲಿ ಮಾಡಿದ ಸೇವೆ ಕೋರ್ಟಿನ ಮುಂದಿದ್ದ ಪ್ರಶ್ನೆಯಲ್ಲೇ ಇರಲಿಲ್ಲ. ಪ್ರಶ್ನೆ ಇದ್ದದ್ದು ಅಮೃತಸರದಲ್ಲಿ ಹುಟ್ಟಿದವನು ಬಿಳಿಯನೋ ಅಲ್ಲವೋ ಅನ್ನೋದರ ಬಗ್ಗೆ.

ಥಿಂಡ್ ವಾದದಲ್ಲಿ ನಮಗೆ ಇಷ್ಟವಾಗದ್ದು

ಜೀವನ ಚರಿತ್ರೆ ಅಂದರೆ ಬರೀ ಹೊಗಳಿಕೆ ಆಗಬಾರದು. ಥಿಂಡ್ ಪರವಾಗಿ ಕೋರ್ಟಿನಲ್ಲಿ ಮಂಡಿಸಿದ ವಾದ ಓದಿದರೆ ಮುಜುಗರ ಆಗುತ್ತೆ. ಇವರು ಮೇಲ್ಜಾತಿಯವರು, ಶುದ್ಧ ಆರ್ಯ ರಕ್ತದವರು, ಜಾತಿ ಪದ್ಧತಿ ಇದ್ದದ್ದರಿಂದ ರಕ್ತ ಬೆರೆತಿಲ್ಲ, ಬಿಳಿ ಅಮೆರಿಕನ್ನರು ಕರಿಯರನ್ನು ಹೇಗೆ ದೂರ ಇಡುತ್ತಾರೋ ಹಾಗೆ ಇವರೂ ಭಾರತದ ಮೂಲನಿವಾಸಿಗಳನ್ನು ದೂರ ಇಟ್ಟಿದ್ದಾರೆ. ವಾದ ಈ ದಾರಿಯಲ್ಲಿ ಹೋಯಿತು. ಜಾತಿಯನ್ನು ಒಪ್ಪದ ಸಿಖ್ ಧರ್ಮದವರ ಪರವಾಗಿ ಜಾತಿಯೇ ವಾದವಾಯಿತು.

ಈ ಬಾಗಿಲು ಯಾಕೆ ಇದೆ ಅಂತ ಆ ವಾದ ಕೇಳಲಿಲ್ಲ. ಬಾಗಿಲ ಒಳಗೆ ನನ್ನನ್ನೂ ಬಿಡಿ, ನಾನೂ ನಿಮ್ಮಂಥವನೇ ಅಂತ ಕೇಳಿತು. ಆ ಕಾಲದ ಕಾನೂನಿನಲ್ಲಿ ಬೇರೆ ದಾರಿ ಇರಲಿಲ್ಲ ಅನ್ನೋದು ನಿಜ. ಬಿಳಿಯ ಅಂತ ತೋರಿಸದೆ ಗೆಲ್ಲೋಕೆ ಆಗುತ್ತಿರಲಿಲ್ಲ. ಆದರೆ ಬೇರೆಯವರನ್ನು ಕೆಳಗಿಟ್ಟು ಮಾಡಿದ ವಾದ ಕೊನೆಗೆ ಅವರನ್ನೂ ಉಳಿಸಲಿಲ್ಲ. ಆ ಕೋರ್ಟಿನ ಕಣ್ಣಿಗೆ ಮೇಲ್ಜಾತಿ ಕೆಳಜಾತಿ ಎಲ್ಲ ಒಂದೇ ಆಗಿತ್ತು.

ತೀರ್ಪಿನ ಮರುದಿನಗಳು

ತೀರ್ಪು ಥಿಂಡ್ ಒಬ್ಬರಿಗೆ ನಿಲ್ಲಲಿಲ್ಲ. ಆಗಲೇ ಪೌರರಾಗಿದ್ದ ಭಾರತೀಯರ ಪೌರತ್ವವನ್ನೂ ಸರ್ಕಾರ ಹುಡುಕಿ ಹುಡುಕಿ ಕಿತ್ತುಕೊಳ್ಳೋಕೆ ಶುರು ಮಾಡಿತು. ಐವತ್ತಕ್ಕೂ ಹೆಚ್ಚು ಜನ ಕಳೆದುಕೊಂಡರು. ಮಜುಂದಾರ್ ಕೂಡ ಅದರಲ್ಲಿ ಒಬ್ಬರು. ಕ್ಯಾಲಿಫೋರ್ನಿಯಾದಲ್ಲಿ ಪೌರತ್ವಕ್ಕೆ ಅರ್ಹರಲ್ಲದವರು ಜಮೀನು ಕೊಳ್ಳುವ ಹಾಗಿಲ್ಲ ಅನ್ನೋ ಕಾನೂನು 1913ರಿಂದಲೇ ಇತ್ತು. ಈಗ ಅದು ಪಂಜಾಬಿ ರೈತರ ಮೇಲೂ ಬಿತ್ತು.

ವೈಷ್ಣೋ ದಾಸ್ ಬಗಾಯ್ ಅನ್ನೋರ ಕಥೆ ಓದಿದರೆ ಬೇಜಾರಾಗುತ್ತೆ. 1915ರಲ್ಲಿ ಹೆಂಡತಿ ಕಲಾ ಮತ್ತು ಮೂರು ಗಂಡು ಮಕ್ಕಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದವರು. ಅಂಗಡಿ ಇಟ್ಟು, 1921ರಲ್ಲಿ ಪೌರರೂ ಆಗಿದ್ದರು. ಬ್ರಿಟಿಷ್ ಪ್ರಜೆಯಾಗಿರೋದು ಬೇಡ ಅಂತಲೇ ಬಿಟ್ಟು ಬಂದವರು. ತೀರ್ಪಿನ ನಂತರ ಪೌರತ್ವ ಹೋಯಿತು, ಆಸ್ತಿ ಹೋಯಿತು. ಭಾರತಕ್ಕೆ ಒಮ್ಮೆ ಹೋಗಿ ಬರೋಣ ಅಂದರೆ ಅಮೆರಿಕದ ಪಾಸ್‌ಪೋರ್ಟ್ ಇಲ್ಲ. 1928ರಲ್ಲಿ ಪ್ರಾಣ ಕಳೆದುಕೊಂಡರು. ಯಾಕೆ ಅನ್ನೋದನ್ನು ಪತ್ರಿಕೆಗೆ ಬರೆದಿಟ್ಟು ಹೋಗಿದ್ದರು. ಕಲಾ ಬಗಾಯ್ ಅಲ್ಲೇ ಉಳಿದು ಮಕ್ಕಳನ್ನು ಓದಿಸಿದರು. ಇವತ್ತು ಬರ್ಕ್ಲಿ ನಗರದಲ್ಲಿ ಅವರ ಹೆಸರಿನ ರಸ್ತೆ ಇದೆ.

ವಕೀಲ ಪಂಡಿತ್ ಅವರ ಪೌರತ್ವಕ್ಕೂ ಸರ್ಕಾರ ಕೈ ಹಾಕಿತು. ಆದರೆ ಅವರು ಬಣ್ಣದ ವಾದ ಮಾಡಲಿಲ್ಲ. ಕೋರ್ಟ್ ಒಮ್ಮೆ ಕೊಟ್ಟ ತೀರ್ಮಾನವನ್ನು ನಂಬಿ ವಕೀಲಿಕೆ, ಮನೆ, ಮದುವೆ ಎಲ್ಲ ಕಟ್ಟಿಕೊಂಡಿದ್ದೇನೆ, ಇಷ್ಟು ವರ್ಷದ ಮೇಲೆ ಅದನ್ನು ಕಿತ್ತುಕೊಳ್ಳೋದು ನ್ಯಾಯ ಅಲ್ಲ ಎಂದರು. 1926ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಗೆದ್ದರು. ಅದಾದ ಮೇಲೆ ಸರ್ಕಾರ ಉಳಿದ ಭಾರತೀಯರ ಮೇಲಿನ ಕೇಸುಗಳನ್ನು ನಿಲ್ಲಿಸಿತು.

ಅದೇ ವರ್ಷಗಳಲ್ಲಿ ನಮ್ಮ ಕಡೆಯವರೊಬ್ಬರೂ ಅಮೆರಿಕದಲ್ಲಿದ್ದರು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್. ಮಿಷಿಗನ್‌ನಲ್ಲಿ ಓದಿ, ಲಾಲಾ ಲಜಪತ ರಾಯರ ಜೊತೆ ಅಲ್ಲಿನ ಹೋಂ ರೂಲ್ ಲೀಗಿನಲ್ಲಿ ಕೆಲಸ ಮಾಡಿ, 1921ರಲ್ಲಿ ಊರಿಗೆ ವಾಪಸ್ ಬಂದರು. ಆಮೇಲೆ ಸೇವಾದಳ ಕಟ್ಟಿದರು. ಹರ್ಡೀಕರ್ ವಾಪಸ್ ಬಂದರು, ಥಿಂಡ್ ಅಲ್ಲೇ ಉಳಿದರು. ಇಬ್ಬರಿಗೂ ಬೇಕಾಗಿದ್ದದ್ದು ಭಾರತದ ಸ್ವಾತಂತ್ರ್ಯವೇ.

ಕೊನೆಗೂ ಯೂನಿಫಾರಂ ನೆನಪಾಯಿತು

ತೀರ್ಪಿನ ನಂತರ ಥಿಂಡ್ ಸುಮ್ಮನೆ ಕೂರಲಿಲ್ಲ. ಊರೂರು ತಿರುಗಿ ಉಪನ್ಯಾಸ ಕೊಟ್ಟರು. ಸಿಖ್ ಗುರುಗಳ ಮಾತು, ಉಪನಿಷತ್ತು, ಜೊತೆಗೆ ಕಾಲೇಜಿನಲ್ಲಿ ಓದಿದ್ದ ಎಮರ್ಸನ್, ವಿಟ್ಮನ್ ಎಲ್ಲವನ್ನೂ ಸೇರಿಸಿ ಅಧ್ಯಾತ್ಮದ ಬಗ್ಗೆ ಮಾತಾಡುತ್ತಿದ್ದರು. ಪುಸ್ತಕಗಳನ್ನೂ ಬರೆದರು. ಯಾವ ಅಮೆರಿಕ ಇವರನ್ನು ಬೇಡ ಅಂದಿತೋ ಅದೇ ಅಮೆರಿಕದ ಜನ ಹಾಲ್ ತುಂಬಿ ಕೂತು ಇವರ ಮಾತು ಕೇಳುತ್ತಿದ್ದರು. ಪೇಟ ಗಡ್ಡ ತೆಗೆಯಲಿಲ್ಲ.

ಅತ್ತ ಮಾಜಿ ಸೈನಿಕರ ಹೋರಾಟ ನಡೆದಿತ್ತು. 1925ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಪೆಟ್ಟು ಕೊಟ್ಟಿತ್ತು. ಹಿದೆಮಿತ್ಸು ಟೊಯೋಟಾ ಅನ್ನೋ ಜಪಾನಿ ಅಮೆರಿಕದ ಕೋಸ್ಟ್ ಗಾರ್ಡಿನಲ್ಲಿ ವರ್ಷಗಟ್ಟಲೆ ಸೇವೆ ಮಾಡಿದವರು. 1918ರ ಕಾನೂನು ಸೈನಿಕರಿಗೆ ಕಾಯುವಿಕೆ ತಪ್ಪಿಸಿತೇ ಹೊರತು ಬಣ್ಣದ ಷರತ್ತು ತೆಗೆದಿಲ್ಲ ಅಂತ ಹೇಳಿ ಅವರ ಪೌರತ್ವವನ್ನೂ ಕೋರ್ಟ್ ನಿರಾಕರಿಸಿತು. ಇದರ ವಿರುದ್ಧ ಜಪಾನ್ ಮೂಲದ ಮಾಜಿ ಸೈನಿಕ ಟೊಕುಟಾರೊ ಸ್ಲೋಕಮ್ ಮತ್ತು ಅವರ ಗೆಳೆಯರು ವಾಷಿಂಗ್ಟನ್ನಿನಲ್ಲಿ ಸಂಸದರ ಬಾಗಿಲು ತಟ್ಟಿದರು. ಬಿಳಿಯ ಮಾಜಿ ಸೈನಿಕರ ಸಂಘಗಳ ಬೆಂಬಲವೂ ಸಿಕ್ಕಿತು. 1935ರ ಜೂನ್ 24ರಂದು ಅಧ್ಯಕ್ಷ ರೂಸ್‌ವೆಲ್ಟ್ ನೈ-ಲೀ ಕಾನೂನಿಗೆ ಸಹಿ ಹಾಕಿದರು. ಮೊದಲ ಮಹಾಯುದ್ಧದಲ್ಲಿ ಸೇವೆ ಮಾಡಿದವರಿಗೆ ಜನಾಂಗ ನೋಡದೆ ಪೌರತ್ವ.

1936ರಲ್ಲಿ ನ್ಯೂಯಾರ್ಕಿನಲ್ಲಿ ಥಿಂಡ್ ಮೂರನೇ ಸಲ ಅಮೆರಿಕದ ಪೌರರಾದರು. ಈ ಸಲ ಯಾರೂ ಕಿತ್ತುಕೊಳ್ಳಲಿಲ್ಲ. ಇಲ್ಲಿ ಗಮನಿಸಬೇಕಾದ್ದು, ಅವರನ್ನು ಒಳಗೆ ಬಿಟ್ಟಿದ್ದು ವಿಜ್ಞಾನವೂ ಅಲ್ಲ, ಆರ್ಯ ರಕ್ತವೂ ಅಲ್ಲ. ಹದಿನೆಂಟು ವರ್ಷ ಹಿಂದೆ ಐದು ತಿಂಗಳು ಹಾಕಿದ್ದ ಯೂನಿಫಾರಂ.

ಸೈನಿಕರಲ್ಲದ ಭಾರತೀಯರು ಇನ್ನೂ ಹತ್ತು ವರ್ಷ ಕಾದರು. 1946ರ ಲೂಸ್-ಸೆಲ್ಲರ್ ಕಾನೂನು ಭಾರತೀಯರಿಗೆ ಪೌರತ್ವದ ಹಕ್ಕು ಕೊಟ್ಟಿತು, ಜೊತೆಗೆ ವರ್ಷಕ್ಕೆ ನೂರು ಜನರಿಗೆ ಬರೋಕೆ ಅವಕಾಶ. ಇಡೀ ಭಾರತಕ್ಕೆ ನೂರು! ಆ ಕಾನೂನಿನಿಂದ ಪೌರರಾದ ದಲೀಪ್ ಸಿಂಗ್ ಸೌಂದ್ 1956ರಲ್ಲಿ ಅಮೆರಿಕದ ಸಂಸತ್ತಿಗೇ ಆಯ್ಕೆಯಾದರು. ಜನಾಂಗದ ಷರತ್ತು ಪೂರ್ತಿ ಹೋಗಿದ್ದು 1952ರಲ್ಲಿ.

ಥಿಂಡ್ 1940ರಲ್ಲಿ ವಿವಿಯನ್ ಡೇವಿಸ್ ಅವರನ್ನು ಮದುವೆಯಾದರು. ಒಬ್ಬ ಮಗ, ಒಬ್ಬ ಮಗಳು. 1967ರ ಸೆಪ್ಟೆಂಬರ್ 15ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 74 ವರ್ಷ.

ನಾವು ಯಾಕೆ ಓದಬೇಕು

ಅಮೆರಿಕದಲ್ಲಿ ಸೈನ್ಯದಿಂದ ಪೌರತ್ವಕ್ಕೆ ಹೋಗುವ ದಾರಿ ಇವತ್ತಿಗೂ ಇದೆ. ಗ್ರೀನ್ ಕಾರ್ಡ್ ಇದ್ದವರು ಸೈನ್ಯ ಸೇರಬಹುದು, ಮಾಮೂಲಿಗಿಂತ ಬೇಗ ಅರ್ಜಿ ಹಾಕಬಹುದು. 2009ರಿಂದ 2016ರವರೆಗೆ ಗ್ರೀನ್ ಕಾರ್ಡ್ ಇಲ್ಲದ ವಿದ್ಯಾರ್ಥಿಗಳನ್ನೂ, ವೈದ್ಯರನ್ನೂ ಭಾಷೆ ಮತ್ತು ಕೌಶಲ್ಯ ನೋಡಿ ಸೇರಿಸಿಕೊಳ್ಳುವ ಯೋಜನೆಯೊಂದಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಆಮೇಲೆ ಭದ್ರತಾ ತಪಾಸಣೆ ಹೆಸರಲ್ಲಿ ಅದು ನಿಂತಿತು. ಸಹಿ ಹಾಕಿದವರಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಕಾದರು, ಕೆಲವರು ಕೋರ್ಟಿಗೆ ಹೋದರು. ಥಿಂಡ್ ಕಟ್ಟಿದ ಪೇಟವನ್ನು 1981ರಲ್ಲಿ ಸೈನ್ಯ ನಿಷೇಧಿಸಿತ್ತು. ಮತ್ತೆ ಸಲೀಸಾಗಿ ಅನುಮತಿ ಸಿಕ್ಕಿದ್ದು 2017ರಲ್ಲಿ.

ನಮ್ಮಲ್ಲಿ ಹೆಚ್ಚಿನವರು ಸೈನ್ಯ ಸೇರೋಕೆ ಅಲ್ಲಿಗೆ ಹೋಗಲ್ಲ. ಓದೋಕೆ, ಕೋಡ್ ಬರೆಯೋಕೆ ಹೋಗುತ್ತೇವೆ. ಆದರೂ ಪ್ರಶ್ನೆ ಒಂದೇ. ಒಂದು ದೇಶಕ್ಕೆ ನಾವು ಉಪಯೋಗಕ್ಕೆ ಬರೋದು ಬೇರೆ, ಆ ದೇಶ ನಮ್ಮನ್ನು ತನ್ನವರು ಅನ್ನೋದು ಬೇರೆ. ಇವೆರಡರ ನಡುವೆ ಎಷ್ಟು ದೂರ ಇರಬಹುದು ಅನ್ನೋದಕ್ಕೆ ಥಿಂಡ್ ಜೀವನವೇ ಅಳತೆ: ನಾಲ್ಕು ದಿನ, ಆಮೇಲೆ ಹದಿನೆಂಟು ವರ್ಷ. ಈ ಪ್ರಶ್ನೆಯನ್ನು ನಮ್ಮ ಊರುಗಳಿಗೆ ಕೆಲಸ ಹುಡುಕಿಕೊಂಡು ಬಂದವರ ಬಗ್ಗೆಯೂ ಕೇಳಿಕೊಳ್ಳಬಹುದು. ನಮ್ಮ ಹಾಸ್ಟೆಲ್ ಬಿಲ್ಡಿಂಗ್ ಕಟ್ಟಿದವರು ಯಾರು, ಅವರನ್ನು ನಾವು ಏನಂತ ಕರೆಯುತ್ತೇವೆ ಅನ್ನೋದರಿಂದ ಶುರು ಮಾಡಿದರೂ ಸಾಕು.